ಎಡಗೈ ಕತ್ತರಿ

ಜನವರಿ 11

‘ಖಾಲಿ ಅಂಗಿ’ ಧಾರಾವಾಹಿಯ ಕಥೆಗಾರರಿಗೆ ನಮಸ್ಕಾರ.

ನಾನು ಹೆಂಗಸರ ಬಟ್ಟೆ ಹೊಲಿಯುವವಳು. ನಿಮ್ಮ ವಾರಪತ್ರಿಕೆಯನ್ನು ಇಲ್ಲಿಯ ಪುಸ್ತಕದಂಗಡಿ ಅಜ್ಜಿ ಮಾರುವುದಕ್ಕೆ ಮೊದಲೇ ನನಗೆ ಓದಲು ಕೊಡುತ್ತಾರೆ, ಕಲೆ ಮಾಡಬಾರದೆಂಬ ಷರತ್ತಿನ ಮೇಲೆ. ಮೂರನೆಯ ಕಂತು ಓದಿ ಸುಮ್ಮನಿರಲಾಗಲಿಲ್ಲ. ಒಬ್ಬಾಕೆ ಮಟಮಟ ಮಧ್ಯಾಹ್ನ ಗಂಡನ ಮನೆಯಿಂದ ಮಾಯವಾಗಿದ್ದಾಳೆ. ನಿಮ್ಮ ಪತ್ತೇದಾರ ಬಸ್ ನಿಲ್ದಾಣದ ಬೆಂಚಿನ ಕೆಳಗಿಂದ ಒಂದು ಅಂಗಿ ಎಳೆದು, ‘ಗುಂಡಿಗಳು ಬಲಗಡೆ ಇವೆ, ಹಾಗಾದರೆ ಇದು ಹೆಂಗಸಿನದೇ’ ಎಂದು ಮೀಸೆ ತಿರುವುತ್ತಾನೆ.

ಅಯ್ಯೋ ಮಹಾರಾಯರೇ, ತೊಟ್ಟವರ ಬಲಕ್ಕೆ ಗುಂಡಿ, ಎಡಕ್ಕೆ ಗುಂಡಿ ತೂರಿಸುವ ಕಾಜ ಇದ್ದರೆ ಅದು ಗಂಡಸಿನ ಅಂಗಿ. ಹೆಂಗಸರದು ಅದಕ್ಕೆ ತಿರುಗುಮುರುಗು. ನೀವು ತೊಟ್ಟಿರುವುದನ್ನೇ ಒಮ್ಮೆ ಬಗ್ಗಿ ನೋಡಿಕೊಳ್ಳಬಾರದಿತ್ತೇ? ಇಷ್ಟು ದಡ್ಡ ಪತ್ತೇದಾರನಿಗೆ ನಾನಾದರೆ ಬೆಕ್ಕು ಹುಡುಕುವ ಕೆಲಸವನ್ನೂ ಕೊಡುವುದಿಲ್ಲ.

ಇನ್ನೊಂದು ಮಾತು. ನಿಮ್ಮ ಕಥೆಯ ಹೆಂಗಸರೆಲ್ಲ ಸದಾ ಕಿಟಕಿಯ ಪಕ್ಕ ನಿಂತೇ ಇರುತ್ತಾರೆ. ಅವರಿಗೆ ಬೇರೆ ಕೆಲಸವಿಲ್ಲವೇ?

ಉತ್ತರ ಬರೆಯುವುದಾದರೆ ಪುಸ್ತಕದಂಗಡಿಯ ವಿಳಾಸಕ್ಕೆ ಬರೆಯಿರಿ. ಇಲ್ಲೇ ಕೆಳಗೆ ಕೊಟ್ಟಿದ್ದೇನೆ.

ಒಬ್ಬ ದರ್ಜಿ

&nbsp;

ಜನವರಿ 19

ದರ್ಜಿಯಮ್ಮನವರಿಗೆ,

ಹದಿನೇಳು ವರ್ಷಗಳಿಂದ ಪತ್ತೇದಾರಿ ಬರೆಯುತ್ತಿದ್ದೇನೆ. ನನ್ನ ಅಂಗಿಯನ್ನು ನಾನೇ ಬಗ್ಗಿ ನೋಡುವಂತೆ ಯಾರೂ ಮಾಡಿರಲಿಲ್ಲ. ನೋಡಿದೆ. ನೀವು ಹೇಳಿದ್ದು ನಿಜ. ಜೊತೆಯಲ್ಲಿರುವ ನನ್ನ ಅಕ್ಕ ಒಂದು ದಿನವಿಡೀ ನಕ್ಕಳು.

ಆದರೆ ತಪ್ಪು ಪೂರ್ತಿ ನನ್ನದಲ್ಲ. ಈ ಕಥೆಗೆ ಮೂಲ ಒಂದು ನಿಜವಾದ ಪ್ರಕರಣ. ಅದರ ವಿವರಗಳನ್ನು ಕೊಡುತ್ತಿರುವವರು ನನ್ನೊಬ್ಬ ಹಿತೈಷಿ, ಪೊಲೀಸ್ ಠಾಣೆಯಲ್ಲಿ ಗುಮಾಸ್ತರಾಗಿದ್ದವರು. ಬಿಸಿಲಿರಲಿ ಮಳೆಯಿರಲಿ ಕೊಡೆ ಬಿಡದ ಮನುಷ್ಯ. ಅಕ್ಕ ಅವರಿಗೆ ಕೊಡೆಸಾಹೇಬರು ಎಂದು ಹೆಸರಿಟ್ಟಿದ್ದಾಳೆ. ಗುಂಡಿಯ ಸಂಗತಿ ಅವರು ಹೇಳಿ ಬರೆಸಿದ್ದು.

ಕಿಟಕಿಯ ವಿಷಯಕ್ಕೆ ಬಂದರೆ ನಾನು ಒಪ್ಪುವುದಿಲ್ಲ. ಹೆಣ್ಣೆಂದರೆ ನಿಗೂಢ. ಅವಳು ಯಾಕೆ ಹೋದಳು, ಏನು ಯೋಚಿಸಿದಳು ಎಂದು ಬಿಡಿಸಿ ಹೇಳಿಬಿಟ್ಟರೆ ಕಥೆಯಲ್ಲಿ ಏನು ಉಳಿಯಿತು? ನನ್ನ ಓದುಗರು ಆ ಮುಸುಕಿಗಾಗಿಯೇ ಓದುತ್ತಾರೆ. ನಿಮ್ಮನ್ನೇ ನೋಡಿ. ಹೆಸರು ಹೇಳಿಲ್ಲ. ಮಾತು ಮೊನಚಾಗಿದ್ದರೂ ಅಕ್ಷರಗಳೆಲ್ಲ ಹಿಂದಕ್ಕೆ, ಎಡಕ್ಕೆ ವಾಲಿಕೊಂಡಿವೆ. ನಾಚಿಕೆಯ ಸ್ವಭಾವ ಅಕ್ಷರದಲ್ಲಿ ಮುಚ್ಚಿಡಲು ಬರುವುದಿಲ್ಲ.

ಹೊಲಿಗೆಯ ಬಗ್ಗೆ ಇನ್ನಷ್ಟು ತಿಳಿಸಿದರೆ ಉಪಕಾರವಾಗುತ್ತದೆ. ಮಾಯವಾದ ಹೆಂಗಸು ದರ್ಜಿಯೇ.

ನಿಮ್ಮ ಕಥೆಗಾರ

&nbsp;

ಜನವರಿ 27

ಕಥೆಗಾರರೇ,

ನನ್ನ ನಾಚಿಕೆಯ ಸುದ್ದಿ ಕೇಳಿ ನಮ್ಮ ಬೀದಿಯಲ್ಲಿ ಇಬ್ಬರು ನಗು ತಡೆಯಲಾರದೆ ಕುಳಿತುಬಿಟ್ಟರು. ಅಕ್ಷರ ಯಾಕೆ ವಾಲಿದೆ ಎಂಬುದು ನಿಮ್ಮ ಪತ್ತೇದಾರನಿಗೆ ಒಗಟಾಗಿಯೇ ಇರಲಿ.

ನೀವು ಹೇಳುವ ನಿಗೂಢ ನನಗೆ ಅರ್ಥವಾಗುವುದಿಲ್ಲ. ನನ್ನ ಅಂಗಡಿಗೆ ದಿನಕ್ಕೆ ಇಪ್ಪತ್ತು ಹೆಂಗಸರು ಬರುತ್ತಾರೆ. ಅಳತೆ ಟೇಪು ಹಿಡಿದು ‘ಕೈ ಎತ್ತಿ’ ಅಂದರೆ ಸಾಕು, ಮನೆಯ ಕಥೆಯೆಲ್ಲ ಹೊರಬರುತ್ತದೆ. ಯಾಕೆ ಅಂತ ಕೇಳದವರಿಗೆ ಮಾತ್ರ ನಾವು ನಿಗೂಢ. ನಿಮ್ಮ ಆ ಹೆಂಗಸನ್ನು ಐದು ಕಂತಿನಲ್ಲಿ ಐದು ಮಂದಿ ಗಂಡಸರು ಹುಡುಕುತ್ತಿದ್ದಾರೆ. ಅವಳು ಯಾಕೆ ಹೊರಟಳು ಅಂತ ಒಬ್ಬನಾದರೂ ಕೇಳಿದನೇ?

ಅವಳು ದರ್ಜಿಯಾದರೆ ಒಂದು ಸಂಗತಿ ಬರೆದುಕೊಳ್ಳಿ. ಮನೆ ಬಿಡುವ ದರ್ಜಿ ಒಡವೆ ಮರೆತಾಳು, ಚಪ್ಪಲಿ ಮರೆತಾಳು, ತನ್ನ ಕತ್ತರಿ ಮರೆಯುವುದಿಲ್ಲ. ಕೈಗೆ ಹೊಂದಿಕೊಂಡ ಕತ್ತರಿ ಇನ್ನೊಂದು ಸಿಗುವುದು ಕಷ್ಟ. ಅವಳ ಚೀಲದಲ್ಲಿ ಅದನ್ನು ಇಡಿ.

ದರ್ಜಿ

&nbsp;

ಫೆಬ್ರವರಿ 6

ದರ್ಜಿಯಮ್ಮನವರಿಗೆ,

ಕತ್ತರಿಯ ಮಾತು ಎಂಥ ಅದ್ಭುತ! ನಿಮ್ಮ ಎರಡೂ ಪತ್ರಗಳಲ್ಲಿನ ಹೊಲಿಗೆಯ ಮಾತುಗಳನ್ನು ಕೊಡೆಸಾಹೇಬರಿಗೆ ಓದಿ ಹೇಳಿದೆ. ಅವರು ಗುಂಡಿಯ ಭಾಗವನ್ನು ಎರಡನೆಯ ಸಲ ಓದಿಸಿದರು. ಆಮೇಲೆ ‘ಗುಂಡಿ ತಪ್ಪಾದ್ರೆ ಆಕೆ ಬರೆದೇ ಬರೀತಾಳೆ ಅಂತ ನಂಗೆ ಗೊತ್ತಿತ್ತು’ ಎಂದರು. ಆಕೆ ಎಂದರೆ ಯಾರು ಎಂದೆ. ‘ಯಾರಾದ್ರೂ ಒಬ್ಬ ದರ್ಜಿ ಅಂದೆ’ ಎಂದು ನಕ್ಕರು. ಅಂಚೆಚೀಟಿ ಕೂಡಿಡುವ ಹವ್ಯಾಸವಂತೆ, ನಿಮ್ಮ ಲಕೋಟೆ ಕೇಳಿದರು, ಕೊಟ್ಟೆ.

ಮುಂದಿನ ಕಂತಿಗೆ ಅವರು ಒಳ್ಳೆಯ ವಿವರಗಳನ್ನು ಕೊಟ್ಟಿದ್ದಾರೆ. ಹೆಂಗಸು ಹೊರಟದ್ದು ಗಂಡ ಕ್ಷೌರಕ್ಕೆ ಹೋಗಿದ್ದಾಗ. ಒಯ್ದದ್ದು ಒಂದು ನೀಲಿ ಡಬ್ಬಿ, ಮುಚ್ಚಳ ತಗ್ಗಾದದ್ದು, ಒಳಗೆ ಗುಂಡಿಗಳು. ಅವಳಿಗೊಬ್ಬ ಪ್ರಿಯಕರನಿದ್ದ ಎಂಬುದನ್ನು ಕೊನೆಗೆ ಬಯಲು ಮಾಡುತ್ತೇನೆ.

ಅವರದೊಂದು ಪ್ರಶ್ನೆಯಿದೆ, ಕೇಳಿ ಬರೆಯಲು ಹೇಳಿದ್ದಾರೆ. ನೀವು ಕತ್ತರಿಯನ್ನು ಯಾವ ಕೈಯಲ್ಲಿ ಹಿಡಿಯುತ್ತೀರಿ?

ನಿಮ್ಮ ಕಥೆಗಾರ

&nbsp;

ಫೆಬ್ರವರಿ 20

ದರ್ಜಿಯಮ್ಮನವರಿಗೆ,

ಎರಡು ವಾರವಾಯಿತು. ಪ್ರಿಯಕರನ ಮಾತು ಹಿಡಿಸಲಿಲ್ಲವೇ? ಕಥೆಗೆ ಕೋಪಿಸಿಕೊಂಡರೆ ಹೇಗೆ? ಕೊಡೆಸಾಹೇಬರು ಈಗ ದಿನಾ ಬಂದು ‘ಪತ್ರ ಬಂತಾ?’ ಎಂದು ಕೇಳುತ್ತಾರೆ. ಲಕೋಟೆಯ ಮೇಲಿನ ಮುದ್ರೆಯಲ್ಲಿ ನಿಮ್ಮ ಊರಿನ ಹೆಸರು ಓದಿಕೊಂಡಿದ್ದಾರೆ. ಆ ಕಡೆ ಹೋಗಿಬರುವ ಕೆಲಸವೊಂದಿದೆ ಎನ್ನುತ್ತಿದ್ದರು. ಬಂದರೆ ನಿಮ್ಮನ್ನು ಕಾಣಲಿ ಎಂದು ವಿಳಾಸ ಹುಡುಕಿದೆ. ಅಕ್ಕ ಮೇಜು ಚೊಕ್ಕ ಮಾಡುವ ಭರದಲ್ಲಿ ಪತ್ರಗಳನ್ನೆಲ್ಲ ಎಲ್ಲೋ ತುರುಕಿದ್ದಾಳೆ. ಈ ಪತ್ರವನ್ನು ಮಾತ್ರ ವಿಳಾಸ ಹುಡುಕಿ ಬರೆದು ತಾನೇ ಅಂಚೆಗೆ ಹಾಕುತ್ತೇನೆ ಎಂದಿದ್ದಾಳೆ. ಸಿಕ್ಕಿದ ಕೂಡಲೇ ಅವರಿಗೆ ಕೊಡುತ್ತೇನೆ.

ನಿಮ್ಮ ಕಥೆಗಾರ

&nbsp;

ಫೆಬ್ರವರಿ 23

ವಿಳಾಸ ಕೊಡಬೇಡಿ. ದಯವಿಟ್ಟು ಕೊಡಬೇಡಿ.

ಇದಕ್ಕೆ ಮಾತ್ರ ಉತ್ತರ ಬರೆಯಿರಿ. ಆ ಮನುಷ್ಯ ನಿಮ್ಮ ಮನೆಯಲ್ಲಿ ಕುಳಿತುಕೊಳ್ಳುವ ಮೊದಲು ಕರವಸ್ತ್ರದಿಂದ ಕುರ್ಚಿ ಒರೆಸುತ್ತಾನೆಯೇ? ಒರೆಸಿದ್ದನ್ನು ನಾಲ್ಕು ಮಡಿಕೆ ಮಾಡಿ ಅದೇ ಜೇಬಿಗೆ ಇಡುತ್ತಾನೆಯೇ? ಮಾತಾಡುವಾಗ ತನ್ನ ಎಡಗೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಅದರ ಮೇಲೆಯೇ ಕೂರುತ್ತಾನೆಯೇ?

ಹೌದು ಅಥವಾ ಇಲ್ಲ, ಇಷ್ಟೇ ಸಾಕು.

&nbsp;

ಫೆಬ್ರವರಿ 26

ಅಮ್ಮಾ,

ಹೌದು. ಮೂರೂ ಹೌದು.

ನಿಮ್ಮ ಪತ್ರ ಕೈಯಲ್ಲಿರುವಾಗಲೇ ಅವರು ಎದುರಿಗೆ ಕುಳಿತಿದ್ದರು. ನೋಡಿದೆ. ಎಡಗೈ ತೊಡೆಯ ಕೆಳಗಿತ್ತು. ಪತ್ರ ಮಡಿಸಿದೆ. ‘ಯಾರ ಪತ್ರ?’ ಎಂದರು. ‘ಸಂಪಾದಕರದ್ದು, ಕಂತು ತಡವಾಯ್ತು ಅಂತ ಬೈದಿದ್ದಾರೆ’ ಎಂದೆ. ಹದಿನೇಳು ವರ್ಷ ಸುಳ್ಳು ಬರೆದೇ ಬದುಕಿದವನಿಗೆ ಒಂದು ಸುಳ್ಳು ಹೇಳಲು ನಾಲಿಗೆ ಒಣಗಿತು.

ಅಕ್ಕನಿಗೆ ನಿಮ್ಮ ಪತ್ರ ತೋರಿಸಿದೆ. ಅವಳು ತನ್ನ ಟ್ರಂಕಿನಿಂದ ನಿಮ್ಮ ಹಳೆಯ ಪತ್ರಗಳನ್ನು ತೆಗೆದು ತೋರಿಸಿ ಮತ್ತೆ ಅಲ್ಲೇ ಇಟ್ಟು ಬೀಗ ಹಾಕಿದಳು. ‘ನಾನೇ ಬಚ್ಚಿಟ್ಟೆ ಕಣೋ. ಆ ಮನುಷ್ಯ ಲಕೋಟೆ ಮೂಸಿ ನೋಡಿದ್ದನ್ನ ಕಂಡೆ. ನೀನು ಪತ್ತೇದಾರಿ ಬರೀತೀಯ, ನಿನಗೆ ಕಾಣ್ಲಿಲ್ಲ’ ಎಂದಳು. ಪುಸ್ತಕದಂಗಡಿಯ ವಿಳಾಸ ಪತ್ರದ ಒಳಗೆ ಮಾತ್ರ ಇತ್ತು. ಅವರ ಬಳಿ ಇರುವುದು ಲಕೋಟೆ, ಅದರ ಮೇಲಿನ ಊರಿನ ಮುದ್ರೆ, ಅಷ್ಟೇ.

ಅವರು ಯಾರು?

&nbsp;

ಮಾರ್ಚ್ 2

ಕಥೆಗಾರರೇ,

ಈ ಪತ್ರದ ಅಕ್ಷರ ಬೇರೆಯಾಗಿರುವುದನ್ನು ನೋಡಿದಿರಲ್ಲ? ಇದು ನನ್ನದು. ಇಲ್ಲಿಯವರೆಗೆ ನಾನು ಹೊಲಿಯುತ್ತ ಹೇಳುತ್ತಿದ್ದೆ, ನನ್ನ ಮಗಳು ಬರೆಯುತ್ತಿದ್ದಳು. ಅವಳಿಗೆ ಒಂಬತ್ತು ವರ್ಷ. ಮನೆಯಲ್ಲಿ ಅವಳಿಗೆ ಇಲಿಮರಿ ಎನ್ನುತ್ತೇವೆ. ಎಡಗೈಯಲ್ಲಿ ಬರೆಯುತ್ತಾಳೆ, ಅದಕ್ಕೇ ಅಕ್ಷರ ವಾಲುತ್ತದೆ. ಹಿಂದಿನ ಚುಟುಕು ಪತ್ರವನ್ನೂ ಅವಳಿಂದಲೇ ಬರೆಸಿದೆ. ಯಾಕೆ ಎಂದು ಕೇಳಿದಳು, ಕಥೆಗೆ ಎಂದೆ.

ಅವನು ಪೊಲೀಸ್ ಗುಮಾಸ್ತನಲ್ಲ. ಬಟ್ಟೆ ಗಿರಣಿಯಲ್ಲಿ ಮೇಲ್ವಿಚಾರಕ. ನನ್ನ ಗಂಡ. ಕೊಡೆ ಎಂದಾಗಲೇ ನನಗೆ ಹೊಳೆಯಬೇಕಿತ್ತು, ಆದರೆ ಲೋಕದಲ್ಲಿ ಕೊಡೆಗಳಿಗೇನು ಬರ ಎಂದು ಸುಮ್ಮನಾದೆ. ಅಂಗಿಯ ಗುಂಡಿ ಯಾವ ಕಡೆ ಎಂದು ಅವನಿಗೆ ನನ್ನಷ್ಟೇ ಗೊತ್ತು. ಬೇಕೆಂದೇ ತಪ್ಪು ಹೇಳಿದ್ದಾನೆ. ಯಾರ ಮನೆಗೆ ಹೋದರೂ ಪರದೆಯ ಮಡಿಕೆ ಸೊಟ್ಟಗಿದ್ದರೆ ಹೇಳದೆ ಬರುವವಳಲ್ಲ ನಾನು. ಅದು ಅವನಿಗೆ ಗೊತ್ತು. ಆರು ವರ್ಷ ಬಾಯಿ ಕಟ್ಟಿಕೊಂಡಿದ್ದವಳು ಒಂದು ಗುಂಡಿಗೆ ಬಾಯಿ ಬಿಟ್ಟೆ.

ನಾನೂ ಎಡಗೈಯವಳು. ಅವನೂ ಹುಟ್ಟಿದ್ದು ಎಡಗೈಯವನಾಗಿಯೇ. ಅವನ ಅಪ್ಪ ಹೊಡೆದು ಬಲಗೈ ಮಾಡಿದ್ದರು. ಈಗಲೂ ಆ ಕೈಯ ಮೇಲೆ ಕೂರುತ್ತಾನೆ. ನಾನು ಎಡಗೈಯಲ್ಲಿ ಕತ್ತರಿ ಹಿಡಿದರೆ ಅವನಿಗೆ ಮೈ ಉರಿಯುತ್ತಿತ್ತು. ಒಂದು ದಿನ ‘ಇದನ್ನ ಮರೆಸ್ತೀನಿ’ ಎಂದು ನನ್ನ ಎಡಗೈಯ ಮೇಲೆ ಕಾದ ಇಸ್ತ್ರಿಪೆಟ್ಟಿಗೆ ಇಟ್ಟ. ಅದಕ್ಕೆ ನಾನು ಮನೆ ಬಿಡಲಿಲ್ಲ, ನೋಡಿ. ಬಿಡಬೇಕಿತ್ತು. ಮಗುವಿಗೆ ಮೂರು ತುಂಬಿದಾಗ ಬಣ್ಣದ ಕಡ್ಡಿಯನ್ನು ಎಡಗೈಯಲ್ಲಿ ಎತ್ತಿಕೊಂಡಳು. ಅವನು ಅವಳ ಕೈ ನೋಡಿದ. ಆಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟ ಗೂಡಿನ ಕಡೆ ನೋಡಿದ. ಮಾರನೆಯ ದಿನ ಅವನು ಕ್ಷೌರಕ್ಕೆ ಹೋದ, ನಾನು ಹೊರಟೆ.

ಇಷ್ಟೇ ನಿಮ್ಮ ನಿಗೂಢ. ಪ್ರಿಯಕರ ಗಿಯಕರ ಯಾರೂ ಇಲ್ಲ. ಮಗು ಇದ್ದದ್ದನ್ನು ಅವನು ನಿಮಗೆ ಹೇಳಿಯೇ ಇಲ್ಲ ಅಲ್ಲವೇ?

ನನಗೆ ಬೇಕಾದದ್ದು ಒಂದೇ. ಇಲಿಮರಿ ಅವನ ಕಣ್ಣಿಗೆ ಬೀಳಬಾರದು. ಧಾರಾವಾಹಿ ನಿಲ್ಲಿಸಿ, ಸುಮ್ಮನಿರಿ.

&nbsp;

ಮಾರ್ಚ್ 14

ಅಮ್ಮಾ,

ನಿಮ್ಮ ಪತ್ರ ಓದಿ ಅಕ್ಕ ನನ್ನ ಜೊತೆ ಎರಡು ದಿನ ಮಾತು ಬಿಟ್ಟಳು. ನನಗೆ ನನ್ನ ಮೇಲೆಯೇ ಹೇಸಿಗೆಯಾಗಿದೆ. ಆದರೆ ಧಾರಾವಾಹಿ ನಿಲ್ಲಿಸಿದರೆ ಅವನಿಗೆ ಅನುಮಾನ ಬರುತ್ತದೆ. ಸುಮ್ಮನೆ ಕೂರಲು ನನ್ನಿಂದಾಗದು. ನಾನು ಒಂದು ಉಪಾಯ ಮಾಡಿದ್ದೇನೆ.

ಹೊಸ ಕಂತಿನಲ್ಲಿ ಹೊಲಿಗೆಯ ಹತ್ತು ತಪ್ಪುಗಳನ್ನು ಬೇಕೆಂದೇ ಮಾಡಿದೆ. ಕೆಳಗೆ ಚೌಕಟ್ಟಿನಲ್ಲಿ, ‘ದರ್ಜಿ ಅಕ್ಕತಂಗಿಯರೇ, ತಿದ್ದಿ ಬರೆಯಿರಿ. ಕತ್ತರಿ ಯಾವ ಕೈಯಲ್ಲಿ ಹಿಡಿಯುತ್ತೀರಿ ಎಂಬುದನ್ನೂ ತಿಳಿಸಿ’ ಎಂದು ಹಾಕಿಸಿದೆ. ಅವನ ಪ್ರಶ್ನೆಯನ್ನೇ ಎಲ್ಲರ ಪ್ರಶ್ನೆ ಮಾಡಿಬಿಟ್ಟೆ! ಪತ್ರಗಳು ಚೀಲಗಟ್ಟಲೆ ಬರುತ್ತಿವೆ. ಹೆಂಗಸರು ನನ್ನನ್ನು ಬೈದಿರುವ ಚೆಂದ ನೀವು ನೋಡಬೇಕು. ಅದರಲ್ಲಿ ಮೂವತ್ತೊಂದು ಮಂದಿ ಎಡಗೈಯವರು. ಆ ಮೂವತ್ತೊಂದು ಲಕೋಟೆಗಳನ್ನೂ ‘ನಿಮ್ಮ ಅಂಚೆಚೀಟಿ ಹವ್ಯಾಸಕ್ಕೆ’ ಎಂದು ಅವನ ಕೈಗೆ ಕೊಟ್ಟೆ. ಮುಖ ಕಪ್ಪಿಟ್ಟಿತು. ಹುಡುಕಲಿ ಈಗ, ಜನ್ಮವೆಲ್ಲ ಹುಡುಕಲಿ.

ಬಹಳ ವರ್ಷಗಳ ಮೇಲೆ ಒಂದು ಒಳ್ಳೆಯ ಕಥಾಹಂದರ ಕಟ್ಟಿದ ಸಮಾಧಾನವಾಯಿತು.

ನಿಮ್ಮ ಕಥೆಗಾರ

&nbsp;

ಮಾರ್ಚ್ 29

ಅಮ್ಮಾ,

ನೀವು ಉತ್ತರ ಬರೆಯಲಿಲ್ಲ. ಮೆಚ್ಚಿಕೊಂಡು ಸುಮ್ಮನಿದ್ದೀರಿ ಎಂದು ಮೊದಲು ಅಂದುಕೊಂಡೆ. ಎಂಥ ಮೂರ್ಖ.

ಇಂದು ಒಂದು ಕಾರ್ಡು ಬಂದಿದೆ. ಹಾಸಿಗೆ ಹೊಲಿಯುವ ಒಬ್ಬಾಕೆ ಬರೆದದ್ದು, ನಿಮ್ಮ ಊರಿಗೂ ನನ್ನ ಊರಿಗೂ ಮಧ್ಯದ ಒಂದು ಸಣ್ಣ ಊರಿನಿಂದ. ಹಾಗೇ ಇಳಿಸುತ್ತೇನೆ: ‘ನಿಮ್ಮ ಪತ್ರಿಕೆಯಿಂದ ಬಂದೆ ಅಂತ ಒಬ್ಬ ಮನುಷ್ಯ ಮನೆ ಒಳಗೇ ಬಂದ. ಕೊಡೆ ಇತ್ತು. ಯಾರನ್ನೋ ಹುಡುಕುತ್ತಿದ್ದ, ನನ್ನ ಮುಖ ನೋಡಿದ ಮೇಲೂ ಹೋಗಲಿಲ್ಲ. ಎಡಗೈ ಮಣಿಕಟ್ಟು ಹಿಡಿದು ತಿರುವಿ, ನಿಮ್ಮಂಥೋರಿಗೆಲ್ಲ ಬುದ್ಧಿ ಕಲಿಸ್ಬೇಕು ಅಂದ. ಕೈ ಬಾತಿದೆ. ಹತ್ತು ದಿನದಿಂದ ಸೂಜಿ ಹಿಡಿಯಲು ಆಗುತ್ತಿಲ್ಲ. ನಿಮಗೆ ನಾನು ಏನು ತಪ್ಪು ಮಾಡಿದ್ದೆ? ತಿದ್ದಿ ಬರೆಯಿರಿ ಅಂದಿರಿ, ಬರೆದೆ.’

ಅವನು ನಮ್ಮ ಮನೆಗೆ ಬಂದು ಹದಿನೈದು ದಿನವಾಯಿತು. ಎಲ್ಲಿದ್ದಾನೋ ಗೊತ್ತಿಲ್ಲ. ಆ ಲಕೋಟೆಗಳ ಹಿಂದೆ ಕಳಿಸಿದವರ ವಿಳಾಸವಿತ್ತು. ನಿಮ್ಮೊಬ್ಬರನ್ನು ಬಚ್ಚಿಡಲು ಹೋಗಿ ಮೂವತ್ತೊಂದು ಬಾಗಿಲು ತೋರಿಸಿದ್ದೇನೆ. ಏನು ಮಾಡಲಿ ಹೇಳಿ. ನಾನು ಇನ್ನು ಉಪಾಯ ಮಾಡುವುದಿಲ್ಲ.

&nbsp;

ಏಪ್ರಿಲ್ 2

ಕಥೆಗಾರರೇ,

ಬೈಯಬೇಕೆಂದು ಕುಳಿತೆ. ಬೈದರೆ ಆಕೆಯ ಕೈ ಸರಿಹೋಗುವುದಿಲ್ಲ, ಆದ್ದರಿಂದ ಕೆಲಸಕ್ಕೆ ಬರುತ್ತೇನೆ.

ಆ ಕಾರ್ಡನ್ನು ಜೋಪಾನವಾಗಿಡಿ. ಆ ಮೂವತ್ತೊಂದು ಮಂದಿಗೂ ಇವತ್ತೇ ಬರೆದು ಎಚ್ಚರಿಸಿ. ಪತ್ರಗಳು ನಿಮ್ಮ ಬಳಿ ಇವೆಯಲ್ಲ, ವಿಳಾಸ ಅದರಲ್ಲಿರುತ್ತದೆ. ನಿಮ್ಮ ಅಕ್ಕನಿಗೆ ಹೇಳಿ, ಅವರು ಚೆನ್ನಾಗಿ ಮಾಡುತ್ತಾರೆ.

ಇಲ್ಲಿ ಚೀಲ ಕಟ್ಟಿಟ್ಟಿದ್ದೆ. ನೀಲಿ ಡಬ್ಬಿ, ಕತ್ತರಿ, ಎರಡು ಜೊತೆ ಬಟ್ಟೆ. ಇಲಿಮರಿ ಶಾಲೆಯಿಂದ ಬಂದು ನೋಡಿದಳು. ‘ಅಮ್ಮಾ, ನಾವು ಏನು ತಪ್ಪು ಮಾಡಿದ್ವಿ?’ ಎಂದಳು. ನೀವು ಇಳಿಸಿ ಕಳಿಸಿದ ಕಾರ್ಡಿನಲ್ಲೂ ಅದೇ ಪ್ರಶ್ನೆ. ಒಂದೇ ದಿನ ಇಬ್ಬರು ಕೇಳಿದರೆ ಉತ್ತರ ಕೊಡದೆ ಬಸ್ಸು ಹತ್ತಲು ನನಗೆ ಕಾಲು ಬರಲಿಲ್ಲ. ಚೀಲ ಬಿಚ್ಚಿದೆ.

ನಾನು ಅಡಗಿರುವವರೆಗೆ ಅವನು ಹುಡುಕುತ್ತಲೇ ಇರುತ್ತಾನೆ, ಕೈ ಸಿಕ್ಕವರ ಕೈ ತಿರುವುತ್ತಾನೆ. ನಿನ್ನೆ ಇಲ್ಲಿಯ ಠಾಣೆಗೆ ಹೋಗಿ ದೂರು ಕೊಟ್ಟೆ, ಇಸ್ತ್ರಿಪೆಟ್ಟಿಗೆಯ ಗುರುತನ್ನೂ ತೋರಿಸಿದೆ. ಠಾಣೆಯ ಸಬ್‌ಇನ್‌ಸ್ಪೆಕ್ಟರ್ ಹೆಂಗಸು, ನನ್ನ ಗಿರಾಕಿ. ‘ಆರು ವರ್ಷ ನನ್ನ ತೋಳಿನ ಅಳತೆ ತಗೊಂಡೆಯಲ್ಲೇ, ಒಂದು ಮಾತು ಹೇಳ್ಬಾರದಿತ್ತಾ?’ ಎಂದು ಗದರಿದರು.

ಈ ಪತ್ರದ ಜೊತೆ ‘ಖಾಲಿ ಅಂಗಿ’ಯ ಕೊನೆಯ ಕಂತು ಇದೆ. ನಾನೇ ಬರೆದದ್ದು. ಒಂದು ಅಕ್ಷರವನ್ನೂ ಬದಲಾಯಿಸಬೇಡಿ. ಕಿಟಕಿ ಸೇರಿಸಬೇಡಿ. ಕೊನೆಯಲ್ಲಿ ನನ್ನ ಹೆಸರನ್ನೂ ಅಂಗಡಿಯ ವಿಳಾಸವನ್ನೂ ಬೋರ್ಡಿನ ಮೇಲಿರುವ ಹಾಗೆಯೇ ಹಾಕಿ.

&nbsp;

ಏಪ್ರಿಲ್ 7

ಅಮ್ಮಾ,

‘ನಾನು ಮಾಯವಾಗಲಿಲ್ಲ, ಹೊರಟೆ.’ ನಿಮ್ಮ ಮೊದಲ ಸಾಲು ಓದಿ ಮುಂದಿನದಕ್ಕೆ ಹೋಗಲು ನನಗೆ ಅರ್ಧ ಗಂಟೆ ಬೇಕಾಯಿತು. ಹದಿನೇಳು ವರ್ಷದಲ್ಲಿ ಎಷ್ಟು ಹೆಂಗಸರನ್ನು ಮಾಯ ಮಾಡಿದ್ದೇನೆ! ಒಬ್ಬಳನ್ನೂ ಹೊರಡಲು ಬಿಟ್ಟಿರಲಿಲ್ಲ.

ಆದರೆ ಹೆದರಿಕೆಯಾಗುತ್ತಿದೆ. ಸಂಪಾದಕರು ಹೆಸರು ಬೇಡ ಎಂದರು, ಹಾಕದಿದ್ದರೆ ಕಂತೇ ಇಲ್ಲ ಎಂದು ಜಗಳವಾಡಿ ಒಪ್ಪಿಸಿದ್ದೇನೆ. ಈಗ ನಾನೇ ಕೇಳುತ್ತೇನೆ, ಇನ್ನೊಮ್ಮೆ ಯೋಚಿಸಿ. ಮಗುವಿದ್ದಾಳೆ. ಅಚ್ಚಿಗೆ ಹೋಗುವುದು ಹದಿನಾಲ್ಕಕ್ಕೆ. ಅಷ್ಟರೊಳಗೆ ಬೇಡ ಎಂದು ಒಂದು ಸಾಲು ಬರೆದರೆ ನಿಲ್ಲಿಸುತ್ತೇನೆ. ಅಕ್ಕ ಮಾತ್ರ ‘ಆಕೆಗೆ ಬುದ್ಧಿ ಹೇಳ್ಬೇಡ’ ಎನ್ನುತ್ತಿದ್ದಾಳೆ.

&nbsp;

ಏಪ್ರಿಲ್ 15

ಅಮ್ಮಾ,

ನಿಮ್ಮ ಸಾಲು ಬರಲಿಲ್ಲ. ಅಚ್ಚಾಯಿತು. ನಾಳೆ ಎಲ್ಲ ಊರುಗಳಿಗೂ ಹೋಗುತ್ತದೆ. ಒಂದು ಅಕ್ಷರವನ್ನೂ ಮುಟ್ಟಿಲ್ಲ.

ಹೇಗಿದ್ದೀರಿ ಎಂದು ಬರೆಯಿರಿ.

&nbsp;

ಏಪ್ರಿಲ್ 24

ಅಮ್ಮಾ, ಒಂದು ಕಾರ್ಡಾದರೂ ಹಾಕಿ. ಅಕ್ಕ ಊಟ ಬಿಟ್ಟಿದ್ದಾಳೆ.

&nbsp;

ಮೇ 1

ಕಥೆಗಾರರಿಗೂ ಅಕ್ಕನಿಗೂ,

ಮೊದಲು ಊಟ ಮಾಡಿ. ನಾವು ಚೆನ್ನಾಗಿದ್ದೇವೆ. ಅಂಗಡಿಗೆ ಬಂದವರ ಗದ್ದಲದಲ್ಲಿ ಬರೆಯಲು ಕೈ ಬಿಡುವಾಗಲಿಲ್ಲ.

ಪತ್ರಿಕೆ ಬಂದ ಆರನೆಯ ದಿನ ಅವನು ಬಂದ. ಬೆಳಗಿನ ಹನ್ನೊಂದು ಗಂಟೆ. ಅಂಗಡಿಯಲ್ಲಿ ಐದು ಮಂದಿ ಇದ್ದರು. ಪುಸ್ತಕದಂಗಡಿ ಅಜ್ಜಿ ಮೂಲೆಯ ಸ್ಟೂಲಿನ ಮೇಲೆ, ಅವರ ಪಕ್ಕದಲ್ಲಿ ಹಾಸಿಗೆ ಹೊಲಿಯುವಾಕೆ. ನಿಮ್ಮ ಕಾರ್ಡಿನವಳೇ. ಪತ್ರಿಕೆಯಲ್ಲಿ ವಿಳಾಸ ನೋಡಿ ಬಂದಿದ್ದಾಳೆ, ಕೈ ಸರಿಹೋಗುವವರೆಗೆ ನನ್ನ ಜೊತೆ ಇರುತ್ತಾಳೆ. ಇಲಿಮರಿಗೆ ಶಾಲೆಗೆ ರಜೆ, ಮೇಜಿನ ಕೆಳಗೆ ಲೆಕ್ಕ ಬರೆಯುತ್ತಿದ್ದಳು. ಅವಳನ್ನು ಒಳಗೆ ಕಳಿಸಬೇಕೆಂದು ಎಷ್ಟು ಅನ್ನಿಸಿತು! ಕಳಿಸಲಿಲ್ಲ.

ಕರವಸ್ತ್ರ ತೆಗೆದು ಕುರ್ಚಿ ಒರೆಸಿದ. ನಾಲ್ಕು ಮಡಿಕೆ ಮಾಡಿದ. ಕುಳಿತ. ನಾನು ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕುತ್ತಲೇ ಇದ್ದೆ.

‘ನನ್ನ ಹೆಸರು ಪೇಪರ್‌ನಲ್ಲಿ ಹಾಕ್ಸಿದೀಯಾ?’ ಎಂದ.

‘ಇಲ್ಲ. ನನ್ನ ಹೆಸರು ಹಾಕ್ಸಿದೀನಿ’ ಎಂದೆ.

ನಿಜವಾಗಿಯೂ ಅವನ ಹೆಸರು ಅದರಲ್ಲಿ ಎಲ್ಲೂ ಇರಲಿಲ್ಲ. ಅದನ್ನಂತೂ ಅವನಿಗೆ ಸಹಿಸಲಾಗಲಿಲ್ಲವೆಂದು ಕಾಣುತ್ತದೆ. ಎದ್ದು ಮೇಜಿನ ಕಡೆ ಬಂದ. ಆಗ ಮೇಜಿನ ಕೆಳಗೆ ಇಲಿಮರಿಯ ಕೈ ಕಂಡಿತು, ಎಡಗೈ, ಪೆನ್ಸಿಲ್ ಹಿಡಿದದ್ದು. ಅಲ್ಲೇ ನಿಂತುಬಿಟ್ಟ. ನಾನು ಕತ್ತರಿ ಎಡಗೈಗೆ ತೆಗೆದುಕೊಂಡು, ಹರಡಿದ್ದ ಬಟ್ಟೆಯನ್ನು ಗುರುತಿನ ಮೇಲೆ ಕತ್ತರಿಸಿಕೊಂಡು ಹೋದೆ. ಆಮೇಲೆ ಹಾಸಿಗೆಯಾಕೆ ಎದ್ದು ತನ್ನ ಬಾತ ಕೈಯನ್ನು ಅವನ ಮುಖದೆದುರು ಹಿಡಿದು, ‘ಇವನೇ’ ಎಂದಳು. ಅಳತೆಗೆ ಬಂದು ಪರದೆಯ ಹಿಂದೆ ನಿಂತಿದ್ದ ಸಬ್‌ಇನ್‌ಸ್ಪೆಕ್ಟರಮ್ಮ ಅರ್ಧ ಹೊಲಿದ ರವಿಕೆಯಲ್ಲೇ ಹೊರಗೆ ಬಂದರು. ಮೈತುಂಬ ಗುಂಡುಸೂಜಿ. ನಗಬೇಡಿ, ಆಗ ಯಾರೂ ನಗಲಿಲ್ಲ.

ಅವನನ್ನು ಕರೆದುಕೊಂಡು ಹೋದರು. ಎರಡು ದೂರುಗಳು ದಾಖಲಾಗಿವೆ. ಮುಂದೆ ಕೋರ್ಟು ಏನು ಹೇಳುತ್ತದೋ ಗೊತ್ತಿಲ್ಲ. ಹೆದರಿಕೆ ಪೂರ್ತಿ ಹೋಗಿದೆ ಎಂದು ಹೇಳಲಾರೆ. ಆದರೆ ಅದು ಈಗ ನನ್ನೊಬ್ಬಳದಲ್ಲ. ಕೊಡೆ ಇಲ್ಲೇ ಮರೆತು ಹೋಗಿದ್ದ, ಅಜ್ಜಿ ಅದನ್ನು ಠಾಣೆಗೆ ಮುಟ್ಟಿಸಿ ರಸೀದಿ ತಂದರು.

ಅವರು ಹೋದ ಮೇಲೆ ಇಲಿಮರಿ ಮೇಜಿನ ಕೆಳಗಿಂದ ‘ಯಾರಮ್ಮ ಅದು?’ ಎಂದಳು. ಹೇಳಿದೆ. ಎಲ್ಲವನ್ನೂ ಹೇಳಿದೆ, ನನ್ನ ಕೈಯ ಗುರುತು ಯಾಕೆ ಎಂಬುದನ್ನೂ. ತುಂಬ ಹೊತ್ತು ತನ್ನ ಕೈ ನೋಡಿಕೊಂಡಳು. ಇವತ್ತು, ಕಥೆಗಾರರಿಗೆ ಪತ್ರ ನಾನೇ ಬರೆಯುತ್ತೇನೆ, ನೀನು ಹೇಳು ಎಂದು ಕುಳಿತಳು.

ಅಕ್ಷರ ಇನ್ನೂ ಎಡಕ್ಕೆ ವಾಲುತ್ತಿದೆ. ಅದು ನಾಚಿಕೆಯಿಂದಲ್ಲ ಎಂದು ಅವಳೇ ಒತ್ತಿ ಬರೆಯುತ್ತಿದ್ದಾಳೆ.